ಮಾವನ ಪುರಾಣ, ಅಧ್ಯಾಯ ಎಂಟು

ಕೇಬಲ್ ತಯಾರಿಸುವ ಆ ಕಂಪನಿಯಲ್ಲಿ ಮೇಲ್ ವಿಭಾಗ ಅಂತ ಒಂದಿತ್ತು. ವಿಭಾಗ ಎಂದರೆ ದೊಡ್ಡದೇನಲ್ಲ. ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಹೋಗಬೇಕಾದ ಒಂದು ಕೋಣೆ, ಕೋಣೆಯಲ್ಲಿ ಆಳೆತ್ತರದ ಕಬ್ಬಿಣದ ಕಪಾಟು, ಅದರೊಳಗೆ ಸದಾ ಗುಂಯ್‌ಗುಡುವ ಯಂತ್ರ, ಯಂತ್ರ ಬಿಸಿಯಾಗದಿರಲೆಂದು ಒಂದು ಏಸಿ, ಏಸಿ ತೊಟ್ಟಿಕ್ಕಿದ್ದನ್ನು ಹಿಡಿಯಲು ಒಂದು ಬಕೆಟ್. ಹೊರಗಿನಿಂದ ಕಂಪನಿಗೆ ಬರುವ ಪ್ರತಿಯೊಂದು ಇಮೇಲ್ ಕೂಡ ಮೊದಲು ಈ ಯಂತ್ರದ ಮುಂದೆ ಹಾದುಹೋಗಬೇಕು. ಯಂತ್ರ ಅದನ್ನು ಮೂಸಿ ನೋಡಿ, ಸರಿ ಕಂಡರೆ ಸಂಬಂಧಪಟ್ಟವರಿಗೆ ಕಳಿಸುತ್ತಿತ್ತು. ಅನುಮಾನ ಬಂದರೆ ತಡೆದು ಒಂದು ಕಡೆ ಕೂಡಿಹಾಕುತ್ತಿತ್ತು. ಹಾಗೆ ಕೂಡಿಹಾಕುವ ಜಾಗಕ್ಕೆ ಅಲ್ಲಿನವರು ಇಟ್ಟ ಹೆಸರು ದೊಡ್ಡಿ. ಬೀಡಾಡಿ ದನಗಳನ್ನು ಹಿಡಿದು ಕಟ್ಟುತ್ತಾರಲ್ಲ, ಆ ದೊಡ್ಡಿ.

ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಪೋಸ್ಟ್‌ಮಾಸ್ಟರ್ ಎನ್ನುತ್ತಿದ್ದರು. ಅವನ ಕೈಕೆಳಗೆ ಇದ್ದವಳು ಒಬ್ಬಳೇ, ಗಿಣಿ. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಉಗುಳು ನುಂಗುವ ಸದ್ದಿನ ಸಮೇತ ಹಾಗೇ ಒಪ್ಪಿಸುತ್ತಿದ್ದಳು. ಆ ಹೆಸರು ಬಂದದ್ದು ಅದಕ್ಕೇ.

ಮಧ್ಯಾಹ್ನದ ಟೀ ಹೊತ್ತಿಗೆ ಪೋಸ್ಟ್‌ಮಾಸ್ಟರ್ ದೊಡ್ಡಿಯ ಬಾಗಿಲು ತೆಗೆಯುತ್ತಿದ್ದ. ಪಕ್ಕದ ಅಕೌಂಟ್ಸ್‌ನವರೂ ಲೋಟ ಹಿಡಿದು ಬಂದು ಗೋಡೆಗೆ ಒರಗುತ್ತಿದ್ದರು. ಕೂದಲು ಬೆಳೆಸುವ ಔಷಧಿಯವನ ಮೇಲ್, ಸಿಕ್ಕಸಿಕ್ಕ ವಿಳಾಸಕ್ಕೆ ತನ್ನ ಒಂಟಿತನ ಹೇಳಿಕೊಳ್ಳುವ ಹೆಂಗಸಿನ ಮೇಲ್, ಕೆಲಸ ಕೊಡಿ ಎಂದು ಅಂಗಲಾಚುವವರ ಮೇಲ್. ಗಿಣಿ ಒಂದೊಂದನ್ನೂ ದನಿ ಕಟ್ಟಿ ಓದುವಳು. ಜನ ಹೊಟ್ಟೆ ಹಿಡಿದುಕೊಂಡು ನಗುವರು. ಓದಿ ಮುಗಿದ ಮೇಲೆ ಪೋಸ್ಟ್‌ಮಾಸ್ಟರ್ ಆ ಮೇಲ್‌ಗೊಂದು ತಲೆಬರಹ ಕೊಟ್ಟು, ಗಿಣಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಯಂತ್ರದಲ್ಲಿ ಟೈಪ್ ಮಾಡುತ್ತಿದ್ದ. ಪರದೆಯ ಮೇಲೆ ಪ್ರತಿ ಮೇಲ್‌ನ ಪಕ್ಕದಲ್ಲಿ ಗುರುತು ಹಾಕಲೆಂದೇ ಒಂದು ಖಾಲಿ ಜಾಗವಿತ್ತು. ದೊಡ್ಡಿಯಿಂದ ಅವರು ಯಾವತ್ತೂ ಏನನ್ನೂ ಹೊರಗೆ ಬಿಟ್ಟವರಲ್ಲ. ಬಿಟ್ಟರೆ ಆ ಗುರುತು ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಈ ಆಟಕ್ಕೆ ಕಳೆ ಬಂದದ್ದು ಉಗ್ರಾಣದ ಮೇಲ್ವಿಚಾರಕರ ಮೇಲ್‌ಗಳು ದೊಡ್ಡಿಗೆ ಬೀಳತೊಡಗಿದ ಮೇಲೆ. ಅವರು ಗಿಣಿಯ ಗಂಡನ ಅಪ್ಪ, ಅವಳ ಮಾವ.

ಮಾವ ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ. ಊಟದ ಹೊತ್ತಿಗೆ ಉಗ್ರಾಣಕ್ಕೆ ಬೀಗ ಹಾಕಬೇಕು ಎಂದು ನಿಯಮವಿತ್ತು. ಹಾಕುವ ಮೊದಲು "ಒಳಗೆ ಯಾರಿದ್ದೀರಿ?" ಎಂದು ಕೂಗುವುದು ಅವರ ರೂಢಿ. ಒಂದು ದಿನ ಕೂಗಿ, ಉತ್ತರ ಬಾರದೆ, ಬೀಗ ಹಾಕಿ ಊಟಕ್ಕೆ ಹೋದರು. ಒಳಗೆ ಡೆಪ್ಯೂಟಿ ಮ್ಯಾನೇಜರ್ ಬಣ್ಣದ ಡಬ್ಬಗಳ ಹಿಂದೆ ನಿಂತು ಫೋನಿನಲ್ಲಿ ಯಾರೊಂದಿಗೋ ಪಿಸುಗುಟ್ಟುತ್ತಿದ್ದ. ಮಾವ ಬಂದು ಬಾಗಿಲು ತೆಗೆದಾಗ ಅವನು ಬೆವರಿ ತೊಪ್ಪೆಯಾಗಿ, ಪ್ಯಾಂಟಿಗೆ ಹಸಿರು ಬಣ್ಣ ಬಳಿದುಕೊಂಡು ಹೊರಗೆ ಬಂದ. ಊಟ ಮುಗಿಸಿ ಬರುತ್ತಿದ್ದ ಇಡೀ ಶಿಫ್ಟು ಅದನ್ನು ನೋಡಿ ಗೊಳ್ಳೆಂದು ನಕ್ಕಿತು. ಕೂಡಿಹಾಕಿದ್ದನ್ನು ಡೆಪ್ಯೂಟಿ ಮರೆಯಬಹುದಿತ್ತು, ಆ ನಗುವನ್ನು ಮರೆಯಲಿಲ್ಲ.

ವಾರದೊಳಗೆ ಮಾವನನ್ನು ಸಸ್ಪೆಂಡ್ ಮಾಡಿದರು. ಮೇಲಧಿಕಾರಿಯನ್ನು ಬೇಕೆಂದೇ ಕೂಡಿಹಾಕಿದ್ದು ಆರೋಪ. ವಿಚಾರಣೆಗೆ ಕರೆಯುವವರೆಗೆ ಗೇಟಿನೊಳಗೆ ಕಾಲಿಡಕೂಡದು, ಸಂಬಂಧಿಕರ ಕೈಯಲ್ಲಿ ಏನನ್ನೂ ಕಳಿಸಕೂಡದು, ವಿವರಣೆಯನ್ನು ಡೈರೆಕ್ಟರಿಗೆ ಮೇಲ್ ಮೂಲಕವೇ ಸಲ್ಲಿಸತಕ್ಕದ್ದು, ವಿಚಾರಣೆಯ ದಿನದೊಳಗೆ ಅದು ಬಾರದಿದ್ದರೆ ತಪ್ಪೊಪ್ಪಿಕೊಂಡಂತೆ ಭಾವಿಸಿ ಕೆಲಸದಿಂದ ತೆಗೆಯಲಾಗುವುದು. ಆದೇಶ ಹೀಗಿತ್ತು. ಅದೇ ದಿನ ಡೆಪ್ಯೂಟಿ ಮೆಟ್ಟಿಲ ಕೆಳಗಿನ ಕೋಣೆಗೆ ತಲೆ ತಗ್ಗಿಸಿ ಬಂದ.

"ಆ ಮುದುಕನ ಮೇಲ್ ಒಂದೂ ಡೈರೆಕ್ಟರ್ ಕಣ್ಣಿಗೆ ಬೀಳಬಾರದು. ನಿಮ್ ಕೈಲಾಗುತ್ತೆ ತಾನೆ?"

"ಅದೇನು ಮಹಾ ಸರ್," ಎಂದ ಪೋಸ್ಟ್‌ಮಾಸ್ಟರ್. ಗಿಣಿ ಅಲ್ಲೇ ಕುಳಿತಿದ್ದಳು. ಡೆಪ್ಯೂಟಿ ಅವಳ ಕಡೆ ತಿರುಗಿ, "ನೀವಿನ್ನೂ ಪರ್ಮನೆಂಟ್ ಆಗಿಲ್ಲ ಅಲ್ವೇನಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಮರುದಿನದಿಂದ ಮಾವನ ಮೇಲ್‌ಗಳು ದೊಡ್ಡಿಗೆ ಬೀಳತೊಡಗಿದವು. ಪೋಸ್ಟ್‌ಮಾಸ್ಟರ್ ಅದಕ್ಕೆ 'ಮಾವನ ಪುರಾಣ' ಎಂದು ಹೆಸರಿಟ್ಟ. ಓದಲು ಗಿಣಿಗಿಂತ ಬೇರೆ ಯಾರು ಬೇಕು? ಪ್ರತಿ ಮುಖ್ಯವಾದ ಮಾತಿಗೆ ಮುಂಚೆ ಮಾವನಿಗೆ ಒಂದು ಸಣ್ಣ ಕೆಮ್ಮು. ಮುಂದಿನ ಹಲ್ಲು ಬಿದ್ದಿದ್ದರಿಂದ 'ಸ' ಅಂದಾಗಲೆಲ್ಲ ತೆಳ್ಳಗೆ ಸಿಳ್ಳೆ. ಮಾತು ಮಾತಿಗೂ "ಅಂದರೆ ಏನಪ್ಪಾ ಅಂದರೆ". ಗಿಣಿ ಮೊದಲ ಸಲ ಓದಿದಾಗ ಅಕೌಂಟ್ಸ್‌ನವನೊಬ್ಬ ನಗು ತಡೆಯಲಾರದೆ ಟೀ ಉಗುಳಿಬಿಟ್ಟ. ಕೆಲಸ ಹೋಗುವ ಭಯಕ್ಕೆ ಓದಿದಳು ಪಾಪ ಎಂದು ಬರೆದು ಅವಳ ಮೇಲೆ ಕರುಣೆ ಹುಟ್ಟಿಸಬಹುದು. ಮೊದಲ ದಿನದ ಮಟ್ಟಿಗೆ ಅದು ನಿಜ. ಆಮೇಲಿನದು ಸುಳ್ಳು. ಅಷ್ಟು ಜನ ತನ್ನ ಬಾಯನ್ನೇ ನೋಡುತ್ತ ಕಾಯುವುದು ಅವಳಿಗೆ ಖುಷಿ ಕೊಡುತ್ತಿತ್ತು. ಮನೆಯಲ್ಲಿ ಹೊತ್ತುಹೊತ್ತಿಗೆ ನಲ್ಲಿ ಸರಿಯಾಗಿ ನಿಲ್ಲಿಸಿದೆಯಾ, ದೀಪ ಆರಿಸಿದೆಯಾ ಎಂದು ತಲೆ ತಿನ್ನುವ ಮನುಷ್ಯ ಇಲ್ಲಿ ಅವಳ ನಾಲಗೆಯ ಮೇಲೆ ಕುಣಿಯುತ್ತಿದ್ದರು. ಆ ರುಚಿ ಹತ್ತಿದವರು ಬೇಗ ಬಿಡುವುದಿಲ್ಲ.

ಮನೆಯಲ್ಲಿ ಇದ್ದವರು ಅವರಿಬ್ಬರೇ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗಂಡನಿಗೆ ಸರಕು ಹಡಗಿನಲ್ಲಿ ಕೆಲಸ. ಬಂದರು ಸಿಕ್ಕಾಗ ಫೋನ್ ಮಾಡುತ್ತಿದ್ದ. ಅಪ್ಪ ಸಸ್ಪೆಂಡ್ ಆದ ವಿಷಯವನ್ನು ಅವನಿಗೆ ಹೇಳಕೂಡದೆಂದು ಮಾವನೇ ಕಟ್ಟಪ್ಪಣೆ ಮಾಡಿದ್ದರು. ಎಲ್ಲ ಸರಿಹೋದ ಮೇಲೆ ಹೇಳಿದರಾಯಿತು, ಸಮುದ್ರದ ಮಧ್ಯೆ ಅವನು ತಾನೇ ಏನು ಮಾಡಿಯಾನು ಎಂದು.

ಕೆಲಸವಿಲ್ಲದ ಮಾವ ಬೆಳಿಗ್ಗೆ ಎದ್ದು ಅಡುಗೆ ಮಾಡುತ್ತಿದ್ದರು, ಸೊಸೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಸಂಜೆ ಊಟದ ಮೇಜನ್ನು ಒರೆಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆಯುತ್ತಿದ್ದರು. ಕಳಿಸುವ ಮೊದಲು ಅವಳಿಗೆ ತೋರಿಸುತ್ತಿದ್ದರು. ತಪ್ಪು ತಿದ್ದಿಕೊಡುತ್ತಿದ್ದವಳು ಗಿಣಿಯೇ.

"ಇಲ್ಲಿ 'ದಯವಿಟ್ಟು' ಎರಡು ಸಲ ಬಂದಿದೆ ಮಾವ."

"ಇರ್ಲಿ ಬಿಡಮ್ಮ. ಅಂದರೆ ಏನಪ್ಪಾ ಅಂದರೆ, ಒಂದನ್ನ ಅವರು ನೋಡದೆ ಹೋದ್ರೂ ಇನ್ನೊಂದು ಕಣ್ಣಿಗೆ ಬೀಳುತ್ತೆ."

ಅವಳು ನಕ್ಕಳು. ಮಾವನೂ ನಕ್ಕರು.

"ಮೇಲ್ ಎಲ್ಲ ಸರಿಯಾಗಿ ಹೋಗ್ತಿದೆ ತಾನೆ? ನಿಮ್ ಆ ಮಿಷನ್ನಿನಲ್ಲಿ ಎಲ್ಲೂ ಸಿಕ್ಕಿಹಾಕ್ಕೊಳ್ತಿಲ್ವಲ್ಲ?"

"ತಲುಪ್ತಿದೆ ಮಾವ."

"ಮತ್ತೆ ಉತ್ತರ?"

"ದೊಡ್ಡವರು. ಪುರುಸೊತ್ತು ಬೇಡ್ವಾ?"

"ಅದೂ ನಿಜವೇ," ಎಂದು ಮಾವ ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿದರು. ಮರುದಿನ ಟೀ ಹೊತ್ತಿಗೆ ಗಿಣಿ ಆ ಎರಡು 'ದಯವಿಟ್ಟು'ಗಳ ನಡುವೆ ಎರಡು ಬೇರೆ ಬೇರೆ ಕೆಮ್ಮು ಹಾಕಿದಳು. ಅದಕ್ಕೆ ಒಳ್ಳೆಯ ಅಂಕ ಬಿತ್ತು.

ಇಷ್ಟರಲ್ಲಿ ಕಂಪನಿ ತನ್ನ ಮೇಲ್ ವ್ಯವಸ್ಥೆಯನ್ನೆಲ್ಲ ಕ್ಲೌಡಿಗೆ ಸಾಗಿಸಲು ತೀರ್ಮಾನಿಸಿತು. ಇನ್ನು ಮೆಟ್ಟಿಲ ಕೆಳಗೆ ಯಂತ್ರ ಬೇಡ, ಏಸಿ ಬೇಡ, ಬಕೆಟ್ ಬೇಡ. ಬರುವ ಮೇಲ್‌ಗಳು ನೇರವಾಗಿ ಎಲ್ಲೋ ದೂರದಲ್ಲಿರುವ ಬೇರೆಯವರ ಯಂತ್ರಗಳಿಗೆ ಹೋಗಿ, ಅಲ್ಲೇ ಸೋಸಿಕೊಂಡು ಹಂಚಿಕೆಯಾಗುತ್ತವೆ. ಅದಕ್ಕೆಂದು ಬಂದವನು ಮೆತ್ತಗೆ ಮಾತಾಡುವ, ಯಾವಾಗಲೂ ಹೆಗಲಿಗೆ ಬ್ಯಾಗು ಹಾಕಿಕೊಂಡೇ ಇರುವ ಒಬ್ಬ ಎಂಜಿನಿಯರ್. ಅವನಿಗೆ ಬಂದ ದಿನವೇ 'ಮೋಡದವನು' ಎಂದು ಹೆಸರು ಬಿತ್ತು. ಮಳೆ ಬಂದರೆ ಮೇಲ್ ಎಲ್ಲ ಕೆಳಗೆ ಸುರಿಯುತ್ತಾ ಎಂದು ಪೋಸ್ಟ್‌ಮಾಸ್ಟರ್ ಅವನನ್ನು ದಿನಕ್ಕೊಂದು ಸಲ ಕೇಳುತ್ತಿದ್ದ. ಅವನು ದಿನಕ್ಕೊಂದು ಸಲ ನಗುತ್ತಿದ್ದ, ಅಷ್ಟು ಒಳ್ಳೆಯವನು.

ಮಾವನ ವಿಚಾರಣೆಗೆ ಹಿಂದಿನ ದಿನ, ರಜೆಯ ಮಧ್ಯಾಹ್ನ, ದಾರಿ ಬದಲಾಯಿಸುವ ಕೆಲಸ ನಡೆಯಿತು. ಕಂಪನಿಯ ಹೆಸರಿಗೆ ಬರುವ ಮೇಲ್‌ಗಳು ಇನ್ನು ಮುಂದೆ ಎಲ್ಲಿಗೆ ಹೋಗಬೇಕು ಎಂದು ಜಗತ್ತಿಗೆ ಹೇಳುವ ಒಂದು ಸಾಲು ಇರುತ್ತದೆ. ಮೋಡದವನು ಅದನ್ನು ತಿದ್ದಿದ. ಹಳೆಯ ಯಂತ್ರದ ಪರದೆಯಲ್ಲಿ ಸರಸರನೆ ಮೇಲೇರುತ್ತಿದ್ದ ಸಾಲುಗಳು ನಿಧಾನವಾದವು, ಅಲ್ಲೊಂದು ಇಲ್ಲೊಂದಾದವು, ಆಮೇಲೆ ನಿಂತವು.

"ಇದರಲ್ಲಿ ತಡೆದಿಟ್ಟಿರೋ ಮೇಲ್‌ಗಳು ಆ ಕಡೆಗೆ ಬರಲ್ಲ," ಎಂದ ಮೋಡದವನು. "ಬೇಕಾದ್ದನ್ನ ಈಗ್ಲೇ ಅವರವರಿಗೆ ಬಿಡುಗಡೆ ಮಾಡಿಬಿಡಿ. ಉಳಿದದ್ದನ್ನ ನಾನು ಅಳಿಸ್ತೀನಿ."

"ಬೇಕಾದ್ದು ಯಾವುದೂ ಇಲ್ಲ. ಎಲ್ಲ ಒರೆಸಿಹಾಕಿ," ಎಂದ ಪೋಸ್ಟ್‌ಮಾಸ್ಟರ್. ಅಳಿಸುವ ಮುನ್ನ ಒಮ್ಮೆ ಕಣ್ಣು ಹಾಯಿಸಲೇಬೇಕೆಂದು ಮೋಡದವನು ಹಟ ಹಿಡಿದಾಗ, ಅದುವರೆಗೂ ಯಾರಿಗೂ ಕೊಡದ ತನ್ನ ಪಾಸ್‌ವರ್ಡನ್ನು ಗಿಣಿಗೆ ಹೇಳಿ, "ನೀನೇ ನೋಡಿ ಮುಗಿಸಮ್ಮ," ಎಂದು ಊಟಕ್ಕೆ ಹೋದ.

ಗಿಣಿ ದೊಡ್ಡಿಯ ಮುಂದೆ ಕುಳಿತಳು. ಮಾವನ ಎಂಟು ಮೇಲ್‌ಗಳೂ ಅಲ್ಲಿದ್ದವು. ಬೆಳಿಗ್ಗೆ ಅವಳು ಹೊರಡುವಾಗ ಮಾವ ನಾಳೆಗೆಂದು ತಮ್ಮ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಕಾಲರ್ ಸುಟ್ಟೀತೆಂದು ಒದ್ದೆ ಬಟ್ಟೆ ಹಾಸಿ, ಬಗ್ಗಿ, ಉಸಿರು ಬಿಗಿಹಿಡಿದು ಉಜ್ಜುತ್ತಿದ್ದರು. ಅದು ನೆನಪಾಯಿತು. ಈ ಮನುಷ್ಯ ಯಾರಿಗೆ ಏನು ಮಾಡಿದ್ದರು? ಕಳಿಸಿದರೆ ಸಿಕ್ಕಿಬಿದ್ದೇನು ಎಂಬ ಭಯವೂ ಜೊತೆಗೇ ಬಂತು. ಆದರೆ ಯಂತ್ರ ಬದಲಾಯಿಸುವಾಗ ಒಂದೆರಡು ಮೇಲ್ ನುಸುಳಿಹೋಗುವುದು ಇದ್ದದ್ದೇ, ಯಾರನ್ನು ಹಿಡಿದು ಕೇಳುತ್ತಾರೆ? ಇನ್ನು ಸ್ವಲ್ಪ ಹೊತ್ತಿಗೆ ಈ ಯಂತ್ರದಲ್ಲಿ ಸಾಕ್ಷಿ ಹೇಳಲು ಏನೂ ಉಳಿದಿರುವುದಿಲ್ಲ. ಅವಳು ಎಂಟನೆಯದನ್ನು, ಎಲ್ಲಕ್ಕಿಂತ ವಿವರವಾಗಿದ್ದದ್ದನ್ನು, ಆರಿಸಿ ಬಿಡುಗಡೆ ಎಂಬ ಗುಂಡಿ ಒತ್ತಿದಳು. ಅದು ಹೊಸ ದಾರಿ ಹಿಡಿದು ಡೈರೆಕ್ಟರ್ ಪೆಟ್ಟಿಗೆಗೆ ಹೋಯಿತು. ಮೋಡದವನು ಉಳಿದದ್ದನ್ನು ಅಳಿಸಿ, ಯಂತ್ರ ಆರಿಸಿ, ಏಸಿಯನ್ನೂ ಆರಿಸಿದ. ಗಿಣಿ ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ ಹಗುರ ಮನಸ್ಸಿನಿಂದ ಮನೆಗೆ ನಡೆದಳು. ಆ ರಾತ್ರಿ ಮಾವನಿಗೆ ಎರಡನೇ ಸಲ ಬಡಿಸಿದಳು.

ಗುರುತು ಹಾಕುವ ಆ ಜಾಗವನ್ನು ಯಂತ್ರ ಮಾಡಿದವರು ಇಟ್ಟದ್ದು ಟೀ ಹೊತ್ತಿನ ಹಾಸ್ಯಕ್ಕಲ್ಲ. ತಡೆದಿಟ್ಟ ಮೇಲ್ ಒಂದನ್ನು ಬಿಡುಗಡೆ ಮಾಡಿದಾಗ, ಅದನ್ನು ಯಾಕೆ ತಡೆದಿತ್ತು ಎಂದು ಪಡೆದವರಿಗೆ ಗೊತ್ತಾಗಲೆಂದು, ಅಲ್ಲಿ ಬರೆದದ್ದನ್ನೆಲ್ಲ ಯಂತ್ರ ವಿಷಯದ ಸಾಲಿಗೆ ಸೇರಿಸಿ ಕಳಿಸುತ್ತಿತ್ತು.

ಬೆಳಿಗ್ಗೆ ವಿಚಾರಣೆಯ ಕೋಣೆಗೆ ಗಿಣಿಗೂ ಪೋಸ್ಟ್‌ಮಾಸ್ಟರನಿಗೂ ಕರೆ ಬಂತು. ಉದ್ದನೆಯ ಮೇಜಿನ ತುದಿಯಲ್ಲಿ ಡೈರೆಕ್ಟರ್ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಡೆಪ್ಯೂಟಿ, ಆಚೆ ಈಚೆ ನಾಲ್ಕಾರು ಅಧಿಕಾರಿಗಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬಿಳಿ ಅಂಗಿಯ ಮಾವ, ಕೈ ಎರಡೂ ಮೊಣಕಾಲ ಮೇಲೆ. ಸೊಸೆ ಒಳಗೆ ಬಂದದ್ದನ್ನು ನೋಡಿ ಅವರ ಮುಖ ಅರಳಿತು.

"ನಿನ್ನೆ ನನಗೊಂದು ಮೇಲ್ ಬಂದಿದೆ," ಎಂದ ಡೈರೆಕ್ಟರ್. "ವಿಷಯ ಏನು ಅಂತ ಓದ್ತೀನಿ. ಮಾವನ ಪುರಾಣ, ಅಧ್ಯಾಯ ಎಂಟು. ಓದಿದವಳು ಗಿಣಿ. ಹತ್ತಕ್ಕೆ ಒಂಬತ್ತು. ಯಾರಪ್ಪ ಈ ಗಿಣಿ?"

ಗಿಣಿ ಒಂದು ಹೆಜ್ಜೆ ಹಿಂದೆ ಸರಿದಳು. ಪೋಸ್ಟ್‌ಮಾಸ್ಟರ್ ಅವಳನ್ನು ಒಮ್ಮೆ ದುರುಗುಟ್ಟಿ ನೋಡಿ, ಕೂಡಲೇ ಹಲ್ಲು ಕಿರಿದ. "ಇವಳೇ ಸರ್. ಟೀ ಹೊತ್ತಲ್ಲಿ ಸುಮ್ನೆ ತಮಾಷೆಗೆ. ಇವಳು ದನಿ ಮಾಡೋದ್ರಲ್ಲಿ ಎತ್ತಿದ ಕೈ ಸರ್. ಕಣ್ಣು ಮುಚ್ಚಿಕೊಂಡು ಕೇಳಿದ್ರೆ ಅವರೇ ಮಾತಾಡಿದ ಹಾಗಿರುತ್ತೆ."

ಬೇರೆ ಯಾರಾದರೂ ಆಗಿದ್ದರೆ ತನ್ನ ಮೇಲನ್ನು ತಡೆದವರು ಯಾರು ಎಂದು ಕೇಳುತ್ತಿದ್ದರು. ಈ ಡೈರೆಕ್ಟರಿಗೆ ಬೆಳಗಿನಿಂದ ಬೇಸರವಾಗಿತ್ತು. "ಹೌದಾ? ಹಾಗಾದ್ರೆ ವಿವರಣೆ ಇವರೇ ಓದಲಿ. ದಾಖಲೆಗೂ ಆಯ್ತು," ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿದ.

ಗಿಣಿ ತನ್ನ ಸ್ವಂತ ದನಿಯಲ್ಲಿ ಓದತೊಡಗಿದಳು. "ಮಾನ್ಯರೇ, ತಾವು ಕ್ಷೇಮವೆಂದು ನಂಬುತ್ತೇನೆ."

"ಹೀಗಲ್ಲಮ್ಮ," ಎಂದ ಡೆಪ್ಯೂಟಿ. "ಟೀ ಹೊತ್ತಲ್ಲಿ ಓದೋ ಹಾಗೆ. ಒಂಬತ್ತು ಅಂಕ ಅಂದ್ರೆ ಸುಮ್ನೇನಾ?"

ಅವಳು ಮಾವನ ಕಡೆ ನೋಡಲಿಲ್ಲ. ಡೆಪ್ಯೂಟಿಯ ಕಡೆ ನೋಡಿದಳು, ಇನ್ನೂ ಪರ್ಮನೆಂಟ್ ಆಗದ ತನ್ನ ಕೆಲಸ ನೆನಪಾಯಿತು. ಸಣ್ಣಗೆ ಕೆಮ್ಮಿದಳು. ಆ ಕೆಮ್ಮು ಬಂದ ಮೇಲೆ ಉಳಿದದ್ದು ತಾನಾಗಿಯೇ ಬಂತು. "ಅಂದರೆ ಏನಪ್ಪಾ ಅಂದರೆ, ಬೀಗ ಹಾಕುವ ಮುನ್ನ ನಾನು ಕೂಗಿದ್ದೇನೆ ಸ್ವಾಮಿ, ದಯವಿಟ್ಟು ಈ ಸಂಗತಿಯನ್ನು ಗಮನಿಸಬೇಕು." ಸಿಳ್ಳೆ ಸರಿಯಾದ ಜಾಗದಲ್ಲೇ ಬಿತ್ತು. ಒಬ್ಬ ಅಧಿಕಾರಿ ಫೈಲಿನ ಹಿಂದೆ ಮುಖ ಮರೆಮಾಡಿಕೊಂಡ. ಇನ್ನೊಬ್ಬನಿಗೆ ತಡೆಯಲಾಗಲಿಲ್ಲ. ಡೈರೆಕ್ಟರಿಗೆ ನಗುವಿನ ಜೊತೆ ಸೀನೂ ಬಂದು, ಮೇಜಿನ ಸುತ್ತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಡೆಪ್ಯೂಟಿ ಮಾತ್ರ ನಗದೆ, ಬಾಗಿಲ ಹತ್ತಿರದ ಕುರ್ಚಿಯನ್ನೇ ನೋಡುತ್ತ ಹಾಯಾಗಿ ಕುಳಿತಿದ್ದ. ಅವನಿಗೆ ಬೇಕಾದದ್ದು ಇದೇ ಆಗಿತ್ತು.

ಗಿಣಿ ಓದಿ ನಿಲ್ಲಿಸಿದಳು. ನಗು ಇಳಿದ ಮೇಲೆ ಬಾಗಿಲ ಕಡೆಯಿಂದ ಅದೇ ಸಣ್ಣ ಕೆಮ್ಮು ಕೇಳಿತು. ಅವಳೇ ಕೆಮ್ಮಿದಳೆಂದುಕೊಂಡು ಕೆಲವರು ಮತ್ತೆ ನಕ್ಕರು.

"ಕೊನೇ ಸಾಲು ಬಿಟ್ಟೆಯಲ್ಲಮ್ಮ," ಎಂದರು ಮಾವ.

ಆ ಸಾಲನ್ನು ಅವರು ಅವಳಿಗೆ ತೋರಿಸದೆ, ಅವಳು ಮಲಗಿದ ಮೇಲೆ ಸೇರಿಸಿದ್ದರು. ದೊಡ್ಡಿಯಲ್ಲಿ ಅದನ್ನು ನೋಡಿದ್ದ ಗಿಣಿ ಟೀ ಹೊತ್ತಿನಲ್ಲೂ ಅದನ್ನು ಓದದೆ ಮುಗಿಸಿದ್ದಳು.

"ಓದಿ, ಓದಿ," ಎಂದ ಡೈರೆಕ್ಟರ್.

ಅವಳು ಓದಿದಳು. ಯಾವ ದನಿಯಲ್ಲಿ ಓದಬೇಕೆಂದು ಗೊತ್ತಾಗುವ ಮೊದಲೇ ಮಾವನ ದನಿಯೇ ಬಾಯಿಗೆ ಬಂದಿತ್ತು. "ನನ್ನ ಸೊಸೆ ತಮ್ಮಲ್ಲೇ ಕೆಲಸಕ್ಕಿದ್ದಾಳೆ. ತುಂಬ ಸಾಧು ಹುಡುಗಿ. ನನ್ನ ಮೇಲಿನ ಸಿಟ್ಟನ್ನು ದಯವಿಟ್ಟು ಅವಳ ಮೇಲೆ ತೀರಿಸಿಕೊಳ್ಳಬಾರದು."

ಈ ಸಲ ಯಾರೂ ಜೋರಾಗಿ ನಗಲಿಲ್ಲ. ಡೈರೆಕ್ಟರ್ ಕರವಸ್ತ್ರ ಮಡಚುತ್ತ, "ಸರಿ, ಅದೊಂದನ್ನ ಒಪ್ಪಿಕೊಳ್ಳೋಣ," ಎಂದ. ಆದೇಶದಲ್ಲಿಯೂ ಹಾಗೇ ಬರೆದರು: ಉಗ್ರಾಣದ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಲಾಗಿದೆ, ಅವರ ಕೋರಿಕೆಯಂತೆ ಸೊಸೆಯ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ.

ಗೇಟಿನ ಹೊರಗೆ ಇಬ್ಬರೂ ಸ್ವಲ್ಪ ದೂರ ಒಟ್ಟಿಗೆ ನಡೆದರು. ಗಿಣಿಗೆ ಅಲ್ಲೇ ರಸ್ತೆಯ ಮೇಲೆ ಅವರ ಕಾಲಿಗೆ ಬೀಳಬೇಕೆನಿಸಿತು, ಬೀಳಲಿಲ್ಲ. "ನಿಮಗೋಸ್ಕರಾನೇ ಕಳಿಸಿದ್ದು ಮಾವ," ಎಂದಳು. ಮಾತು ಅವಳ ಕಿವಿಗೇ ಹೊಲಸಾಗಿ ಕೇಳಿತು.

"ಎಂಟು ಅಂದ್ರಲ್ಲ," ಎಂದರು ಮಾವ. "ಮೊದಲಿನ ಏಳೂ ಹೀಗೇ ಓದಿದ್ಯಾ?"

ಅವಳು ತಲೆ ತಗ್ಗಿಸಿದಳು.

"ನಾನು ದಿನಾ ಕೇಳ್ತಿದ್ದೆ. ತಲುಪ್ತಿದೆ ಅಂತಿದ್ದೆಯಲ್ಲಮ್ಮ."

ಅವರು ಅವಳೊಡನೆ ಆಡಿದ ಕೊನೆಯ ಮಾತು ಅದು. ಮುನಿಸಿಕೊಂಡು ಬಿಟ್ಟ ಮಾತಲ್ಲ. ಬೆಳಿಗ್ಗೆ ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ಅವಳ ಬಟ್ಟೆ ಇಸ್ತ್ರಿಯಾಗಿ ಕುರ್ಚಿಯ ಮೇಲೆ ಇರುತ್ತಿತ್ತು. ಪಕ್ಕದ ಮನೆಯವರೊಡನೆ ಮಾತಾಡುವುದು ಅವಳಿಗೆ ಬೀದಿಯಿಂದಲೇ ಕೇಳಿಸುತ್ತಿತ್ತು. ಅವಳ ಚಪ್ಪಲಿಯ ಸದ್ದಾದ ಕೂಡಲೇ ನಿಲ್ಲುತ್ತಿತ್ತು. ಕಳ್ಳರಿರುವ ಮನೆಯಲ್ಲಿ ಒಡವೆ ಎತ್ತಿಡುತ್ತಾರಲ್ಲ, ಹಾಗೆ ಅವರು ತಮ್ಮ ದನಿಯನ್ನು ಅವಳಿಂದ ಎತ್ತಿಟ್ಟಿದ್ದರು. ನಲ್ಲಿ ತೊಟ್ಟಿಕ್ಕಿದರೂ ಏನೂ ಅನ್ನದೆ ತಾವೇ ಎದ್ದು ಹೋಗಿ ನಿಲ್ಲಿಸಿ ಬರುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಗಂಡನ ಹಡಗು ಯಾವುದೋ ಬಂದರು ಮುಟ್ಟಿ, ಫೋನ್ ಬಂತು. ಅವಳು ಸ್ಪೀಕರ್ ಹಾಕಿದಳು.

"ಅಪ್ಪ ಎಲ್ಲಿ? ಸ್ವಲ್ಪ ಕೊಡು. ಇಲ್ಲಿ ಲೈನು ಯಾವಾಗ ಹೋಗುತ್ತೋ ಗೊತ್ತಿಲ್ಲ."

ಮಾವ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ಗಿಣಿ ಫೋನ್ ಚಾಚಿದಳು. ಅವರು ಫೋನ್ ನೋಡಿದರು, ಅವಳನ್ನು ನೋಡಿದರು. ಮಾತಾಡಿದರೆ ಎಲ್ಲ ಹೇಳಬೇಕಾಗುತ್ತದೆ, ಮಗನಿಗೆ ಸುಳ್ಳು ಹೇಳಿ ಅವರಿಗೆ ಗೊತ್ತಿಲ್ಲ. ಬೇಡ ಎಂಬಂತೆ ತಲೆಯಾಡಿಸಿದರು.

"ಯಾಕೆ, ಏನಾಯ್ತು? ಅಪ್ಪಂಗೆ ಹುಷಾರಿಲ್ವಾ? ಹೋದ ಸಲವೂ ಮಲಗಿದ್ದಾರೆ ಅಂದೆ. ನನ್ನಿಂದ ಏನೋ ಮುಚ್ಚಿಡ್ತಿದ್ದೀಯ ಕಣೇ. ಅಪ್ಪ ಇದ್ದಾರೋ ಇಲ್ವೋ ಹೇಳು!"

ಅವನ ದನಿ ಒಡೆಯಿತು. ಅಳುತ್ತಿದ್ದನೇನೋ. ಗಿಣಿ ಫೋನನ್ನು ತನ್ನ ಬಾಯಿಯ ಹತ್ತಿರ ಹಿಡಿದು ಸಣ್ಣಗೆ ಕೆಮ್ಮಿದಳು.

"ಇದ್ದೀನಿ ಕಣೋ. ಅಂದರೆ ಏನಪ್ಪಾ ಅಂದರೆ, ಸ್ವಲ್ಪ ಗಂಟಲು ಕಟ್ಟಿತ್ತು, ಅಷ್ಟೇ."

"ಅಬ್ಬ! ಜೀವ ಬಾಯಿಗೆ ಬಂದಿತ್ತು ಅಪ್ಪ. ಅವಳು ಚೆನ್ನಾಗಿ ನೋಡ್ಕೊಳ್ತಿದ್ದಾಳಾ?"

"ಸೊಸೆ ಅಲ್ಲ ಕಣೋ ಅವಳು. ಸ್ವಂತ ಮಗಳು ಇದ್ದ ಹಾಗೆ."

ಮಾವ ಎದ್ದು ನಿಂತರು. ಫೋನಿನ ಕಡೆ ಕೈ ಚಾಚಿ ಎರಡು ಹೆಜ್ಜೆ ಬಂದರು. ಬಾಯಿ ತೆರೆದರು.

"ಸರಿ ಅಪ್ಪ, ನಿನ್ನ ದನಿ ಕೇಳಿದೆನಲ್ಲ, ಸಾಕು, ಸಮಾಧಾನ ಆಯ್ತು," ಎಂದು ಮಗ ಫೋನ್ ಇಟ್ಟ.